ನಗರದ ಶಿಶು ಮರಣದ ಅಂಕಿ ಕೈಗೆ ಸಿಕ್ಕರೆ ಅದನ್ನು ಓದುವುದು ಹೇಗೆ? ಬೆಂಗಳೂರನ್ನೇ ಇಟ್ಟುಕೊಂಡು ನೋಡೋಣ

"ನಗರದಲ್ಲಿ ಇಷ್ಟು ತಿಂಗಳಲ್ಲಿ ಇಷ್ಟು ಕೂಸುಗಳ ಸಾವು" ಅಂತ ಆಗಾಗ ಒಂದು ಸುದ್ದಿ ಬರುತ್ತದೆ. ಎರಡು ದಿನ ಗಲಾಟೆ, ಆಸ್ಪತ್ರೆ ಮುಂದೆ ಕ್ಯಾಮೆರಾ, ಒಂದು ತನಿಖಾ ಸಮಿತಿ. ಮೂರನೇ ದಿನ ಎಲ್ಲರೂ ಸುಮ್ಮನಾಗುತ್ತಾರೆ. ಆ ಅಂಕಿ ನಿಜಕ್ಕೂ ಏನು ಹೇಳುತ್ತಿದೆ ಅಂತ ಕೂತು ನೋಡುವವರು ಕಡಿಮೆ. ನೀವು ವಾರ್ಡ್ ಸಮಿತಿಯಲ್ಲಿ ಇದ್ದರೆ, ಊರಿನ ಪತ್ರಿಕೆಗೆ ವರದಿ ಮಾಡುತ್ತಿದ್ದರೆ, ಅಥವಾ ಎಂಎಸ್‌ಡಬ್ಲ್ಯೂ, ನರ್ಸಿಂಗ್ ಓದುತ್ತಾ ಇದರ ಮೇಲೆ ಪ್ರಾಜೆಕ್ಟ್ ಮಾಡಬೇಕಾಗಿದ್ದರೆ ಇದು ನಿಮಗೆ. ಲೆಕ್ಕ ಕಷ್ಟದ್ದಲ್ಲ. ಕೂಡುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಯಾವ ಅಂಕಿ ಸಿಕ್ಕರೂ ಮೂರು ಪ್ರಶ್ನೆ ಕೇಳಿ. ಯಾವ ಊರಿನ ಮಗು? ಹುಟ್ಟಿ ಎಷ್ಟನೇ ದಿನಕ್ಕೆ ತೀರಿಕೊಂಡಿತು? ಎಲ್ಲಿ? ಈ ಮೂರಕ್ಕೆ ಉತ್ತರ ಇಲ್ಲದ ಅಂಕಿಯಿಂದ ಕಾರಣ ಹುಡುಕಲು ಹೊರಟರೆ ದಾರಿ ತಪ್ಪುವುದು ಗ್ಯಾರಂಟಿ.

ಲೆಕ್ಕ ಹೇಗೆ

ಒಂದು ವರ್ಷದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ 1000 ಮಕ್ಕಳಿಗೆ, ಮೊದಲ ಹುಟ್ಟುಹಬ್ಬ ಕಾಣದೆ ತೀರಿಕೊಂಡ ಮಕ್ಕಳು ಎಷ್ಟು ಅನ್ನುವುದೇ ಶಿಶು ಮರಣ ಪ್ರಮಾಣ. ಒಂದು ವಾರ್ಡಿನಲ್ಲಿ 800 ಮಕ್ಕಳು ಹುಟ್ಟಿ, ಅದೇ ವರ್ಷ 8 ಶಿಶುಗಳು ಹೋದವು ಅಂತ ಇಟ್ಟುಕೊಳ್ಳಿ. 8 ಭಾಗಿಸು 800, ಗುಣಿಸು 1000. ಹತ್ತು. ಇಲ್ಲೊಂದು ಅನುಕೂಲ ಇದೆ. ಜನಗಣತಿ 2011ರದ್ದು, ಜನಸಂಖ್ಯೆ ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂತ ಎಲ್ಲ ಲೆಕ್ಕಕ್ಕೂ ಅಡ್ಡಿ ಬರುತ್ತದಲ್ಲ, ಈ ಲೆಕ್ಕಕ್ಕೆ ಜನಸಂಖ್ಯೆಯೇ ಬೇಡ. ಭಾಗಿಸಲು ಬೇಕಾದದ್ದು ಹುಟ್ಟಿದ ಮಕ್ಕಳ ಸಂಖ್ಯೆ ಮಾತ್ರ.

ಸತ್ತು ಹುಟ್ಟಿದ ಮಗು ಇದರಲ್ಲಿ ಸೇರುವುದಿಲ್ಲ. ಆದರೆ ಹುಟ್ಟಿದ ಮೇಲೆ ಒಂದೇ ಒಂದು ಉಸಿರು ತೆಗೆದುಕೊಂಡಿದ್ದರೂ, ಎದೆ ಬಡಿತ ಇದ್ದಿದ್ದರೂ ಅದು ಜೀವಂತ ಜನನ. ಹತ್ತು ನಿಮಿಷ ಬದುಕಿದ ಮಗುವನ್ನು ಸತ್ತು ಹುಟ್ಟಿದ್ದು ಅಂತ ಬರೆದುಬಿಟ್ಟರೆ ಎರಡು ಫಾರಂ ಬದಲು ಒಂದೇ ಫಾರಂನಲ್ಲಿ ಕೆಲಸ ಮುಗಿಯುತ್ತದೆ, ವಿಚಾರಣೆಯ ತಲೆನೋವೂ ಕಡಿಮೆ. ಹಾಗಾಗಿ ಒಂದು ಆಸ್ಪತ್ರೆಯಲ್ಲಿ ಮೊದಲ ದಿನದ ಸಾವು ತೀರಾ ಕಡಿಮೆ, ಸತ್ತು ಹುಟ್ಟಿದವು ಮಾತ್ರ ಜಾಸ್ತಿ ಅಂತ ಕಂಡರೆ ಎರಡನ್ನೂ ಕೂಡಿಸಿಯೇ ನೋಡಿ.

ಹೋಲಿಸುವಾಗ ಹುಷಾರು

ದೇಶದ, ರಾಜ್ಯದ ಅಂಕಿ ಬರುವುದು ಎಸ್‌ಆರ್‌ಎಸ್‌ನಿಂದ, ಅಂದರೆ ಮಾದರಿ ನೋಂದಣಿ ವ್ಯವಸ್ಥೆಯಿಂದ. ಅದರ ಪ್ರಕಾರ 1971ರಲ್ಲಿ ಭಾರತದಲ್ಲಿ ಸಾವಿರಕ್ಕೆ 129 ಶಿಶುಗಳು ಸಾಯುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿಯಿತು, 2023ಕ್ಕೆ 25. ಕರ್ನಾಟಕ 2020ರಲ್ಲಿ 19, ಕೇರಳ 6. ಅದೇ ವರ್ಷ ದೇಶದ ಹಳ್ಳಿಗಳಲ್ಲಿ 31, ಪಟ್ಟಣಗಳಲ್ಲಿ 19.

ಇನ್ನೊಂದು ಕಡೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅದರ ಐದನೇ ಸುತ್ತು ಕರ್ನಾಟಕಕ್ಕೆ 25.4 ಅನ್ನುತ್ತದೆ. ಯಾವುದು ಸುಳ್ಳು? ಎರಡೂ ಅಲ್ಲ. ಎಸ್‌ಆರ್‌ಎಸ್‌ನದು ಒಂದು ವರ್ಷದ ಅಂಕಿ. ಸಮೀಕ್ಷೆಯದ್ದು ತಾಯಂದಿರನ್ನು ಕೇಳಿ ತೆಗೆದ, ಹಿಂದಿನ ಐದು ವರ್ಷಗಳನ್ನು ಒಟ್ಟು ಮಾಡಿದ ಅಂಕಿ. ಹೋದ ವರ್ಷಕ್ಕೆ ಒಂದರದ್ದು, ಈ ವರ್ಷಕ್ಕೆ ಇನ್ನೊಂದರದ್ದು ಹಾಕಿ "ಏರಿದೆ" ಅಂತ ಬರೆಯುವುದನ್ನು ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಈಗ ತೊಡಕು. ಎಸ್‌ಆರ್‌ಎಸ್ ರಾಜ್ಯದ ಮಟ್ಟದಲ್ಲಿ ನಿಲ್ಲುತ್ತದೆ. ಸಮೀಕ್ಷೆಯ ಜಿಲ್ಲಾ ಹಾಳೆಗಳಲ್ಲಿ ರಕ್ತಹೀನತೆ, ಲಸಿಕೆ ಎಲ್ಲ ಇದ್ದರೂ ಶಿಶು ಮರಣ ಇರುವುದಿಲ್ಲ. ಒಂದು ನಗರದ ಪ್ರಮಾಣ ಬೇಕಂದರೆ ಜನನ ಮರಣ ನೋಂದಣಿಯಿಂದ, ಆಸ್ಪತ್ರೆಗಳು ತಿಂಗಳು ತಿಂಗಳು ತುಂಬುವ ಸರ್ಕಾರಿ ಆರೋಗ್ಯ ಮಾಹಿತಿ ವ್ಯವಸ್ಥೆ ಎಚ್‌ಎಂಐಎಸ್‌ನಿಂದ ನಾವೇ ಕಟ್ಟಿಕೊಳ್ಳಬೇಕು.

ಯಾವ ಊರಿನ ಮಗು, ಯಾವ ಊರಿನ ಲೆಕ್ಕ

1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುವುದು ಇಷ್ಟು: ಘಟನೆ ಎಲ್ಲಿ ನಡೆಯಿತೋ ಅಲ್ಲೇ ನೋಂದಣಿ, 21 ದಿನದೊಳಗೆ. ಮನೆ ಎಲ್ಲಿದೆ ಅನ್ನುವುದು ಮುಖ್ಯವಲ್ಲ.

ಇದರಿಂದ ಬೆಂಗಳೂರಿಗೆ ಏನಾಗುತ್ತದೆ ನೋಡಿ. ಚಿಂತಾಮಣಿಯಲ್ಲಿ ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆ. ಅಲ್ಲಿಂದ 108 ಆಂಬ್ಯುಲೆನ್ಸಿನಲ್ಲಿ ವಾಣಿ ವಿಲಾಸಕ್ಕೋ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಬರುತ್ತದೆ. ಮೂರನೇ ದಿನ ತೀರಿಕೊಳ್ಳುತ್ತದೆ. ಹುಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯ ಲೆಕ್ಕಕ್ಕೆ, ಸಾವು ಬೆಂಗಳೂರಿನ ಲೆಕ್ಕಕ್ಕೆ. ಕೋಲಾರ, ತುಮಕೂರು, ರಾಮನಗರ, ಗಡಿಯಾಚೆಯ ಹಿಂದೂಪುರ, ಹೊಸೂರು, ಎಲ್ಲ ಕಡೆಯಿಂದಲೂ ಕಷ್ಟದ ಮಕ್ಕಳು ಬರುವುದು ಇಲ್ಲಿಗೇ. ದೊಡ್ಡಾಸ್ಪತ್ರೆಯ ಸಾವುಗಳನ್ನು ನಗರದ ಜನನಗಳಿಂದ ಭಾಗಿಸಿದರೆ ಸುತ್ತಲಿನ ಜಿಲ್ಲೆಗಳ ದುಃಖವೂ ನಗರದ ಖಾತೆಗೆ ಬೀಳುತ್ತದೆ.

ಇನ್ನೊಂದು ಬಗೆಯೂ ಇದೆ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರಲ್ಲ. ಸೀಮಂತ ಮುಗಿಸಿಕೊಂಡು ಮಂಡ್ಯಕ್ಕೋ ಕಲಬುರಗಿಗೋ ಹೋದರು, ಮಗು ಅಲ್ಲೇ ಹುಟ್ಟಿತು, ನೋಂದಣಿಯೂ ಅಲ್ಲೇ. ಮೂರು ತಿಂಗಳಿಗೋ ಐದು ತಿಂಗಳಿಗೋ ಬೆಂಗಳೂರಿನ ಮನೆಗೆ ವಾಪಸ್ ಬಂದ ಮೇಲೆ ಮಗುವಿಗೆ ನ್ಯುಮೋನಿಯಾ ಬಂದು ಏನಾದರೂ ಆದರೆ ಸಾವು ಮಾತ್ರ ಇಲ್ಲಿ.

ಇದಕ್ಕೆ ಪರಿಹಾರ ನೋಂದಣಿಯ ಫಾರಂನಲ್ಲೇ ಇದೆ. ಜನನಕ್ಕೆ ಫಾರಂ 1, ಮರಣಕ್ಕೆ ಫಾರಂ 2, ಸತ್ತು ಹುಟ್ಟಿದ್ದಕ್ಕೆ ಫಾರಂ 3. ಫಾರಂ 1ರಲ್ಲಿ ತಾಯಿಯ ವಾಸದ ಊರು, ಫಾರಂ 2ರಲ್ಲಿ ಮೃತರ ವಾಸದ ಊರು ಬರೆಯುವ ಜಾಗ ಇದೆ. ಆ ಕಾಲಂ ಹಿಡಿದು ವಿಂಗಡಿಸಿ. ನಗರದವರ ಮಕ್ಕಳು ಒಂದು ಕಡೆ, ಹೊರಗಿನವರು ಇನ್ನೊಂದು ಕಡೆ. ಈ ಒಂದು ಕೆಲಸ ಮಾಡಿದರೆ ನಿಮ್ಮ ವರದಿ ಮಾಮೂಲಿ ಸುದ್ದಿಗಿಂತ ಎಷ್ಟೋ ಮುಂದೆ ಹೋಗುತ್ತದೆ. ಹೊರಗಿನವರನ್ನು ಬದಿಗೆ ಇಟ್ಟ ಮಾತ್ರಕ್ಕೆ ಮರೆತುಬಿಡಬೇಡಿ. ಯಾವ ತಾಲ್ಲೂಕಿನಿಂದ ಜಾಸ್ತಿ ಮಕ್ಕಳು ಕೊನೆಗಳಿಗೆಯಲ್ಲಿ ಬರುತ್ತಿದ್ದಾರೆ ಅನ್ನುವುದು ಆ ತಾಲ್ಲೂಕು ಆಸ್ಪತ್ರೆಯ ಬಗ್ಗೆ ಒಂದು ಮಾತು ಹೇಳುತ್ತದೆ.

ಲೆಕ್ಕಕ್ಕೇ ಸಿಗದ ಸಾವುಗಳೂ ಇವೆ. ಜನನ ಪ್ರಮಾಣಪತ್ರ ಶಾಲೆಗೆ ಬೇಕು, ಆಧಾರಿಗೆ ಬೇಕು. 2023ರ ಅಕ್ಟೋಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ನಂತರವಂತೂ ಅದಿಲ್ಲದೆ ಏನೂ ನಡೆಯುವುದಿಲ್ಲ. ಎರಡು ತಿಂಗಳ ಕೂಸು ಮನೆಯಲ್ಲಿ ತೀರಿಕೊಂಡರೆ ಅದರ ಮರಣ ಪ್ರಮಾಣಪತ್ರ ಯಾರಿಗೆ ಬೇಕು? ಆಸ್ತಿ ಇಲ್ಲ, ವಿಮೆ ಇಲ್ಲ. ಹಸುಗೂಸುಗಳನ್ನು ಸುಡುವ ರೂಢಿ ಹೆಚ್ಚಿನ ಮನೆಗಳಲ್ಲಿ ಇಲ್ಲ, ಮಣ್ಣು ಮಾಡುತ್ತಾರೆ. ಚಿತಾಗಾರದ ರಸೀದಿಯೂ ಹಾಗಾಗಿ ಇರುವುದಿಲ್ಲ. ಕಟ್ಟಡದ ಕೆಲಸಕ್ಕೆ ಬಂದು ಶೆಡ್‌ನಲ್ಲಿ ಇರುವ ಕುಟುಂಬವಾದರೆ ಅಕ್ಕಪಕ್ಕದವರಿಗೂ ಗೊತ್ತಾಗದೆ ಹೋಗಬಹುದು. ಅಂಥ ಕಡೆ "ಶೂನ್ಯ" ಅಂತ ಬಂದರೆ ಖುಷಿಪಡುವ ಮೊದಲು ಆ ಭಾಗದ ಆಶಾ ಕಾರ್ಯಕರ್ತೆಯನ್ನು, ಸ್ಮಶಾನ ನೋಡಿಕೊಳ್ಳುವವರನ್ನು ಮಾತಾಡಿಸಿ.

ಮಾಹಿತಿ ತೆಗೆಯುವುದು

ರಾಜ್ಯದಲ್ಲಿ ಜನನ ಮರಣದ ಮುಖ್ಯ ನೋಂದಣಾಧಿಕಾರಿ ಇರುವುದು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ. ಅವರ ವಾರ್ಷಿಕ ವರದಿಯನ್ನು ಮೊದಲು ನೋಡಿ, ಬಿಡಿಬಿಡಿಯಾಗಿ ಬೇಕಾದರೆ ಮಾತ್ರ ಆರ್‌ಟಿಐ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. "ಶಿಶು ಮರಣದ ಸಂಪೂರ್ಣ ವಿವರ ಕೊಡಿ" ಅಂತ ಬರೆದರೆ ಒಂದು ಸಾಲಿನ ಉತ್ತರ ಬರುತ್ತದೆ, ಇಲ್ಲವೇ ಮಾಹಿತಿ ಕ್ರೋಡೀಕರಿಸಿಲ್ಲ ಅನ್ನುತ್ತಾರೆ. ಅದರ ಬದಲು ಹೀಗೆ ಕೇಳಿ: ಇಂಥ ವರ್ಷ ನೋಂದಣಿಯಾದ ಒಂದು ವರ್ಷದೊಳಗಿನ ಮರಣಗಳ ಪಟ್ಟಿ, ಹೆಸರು ಬಿಟ್ಟು, ಲಿಂಗ, ಹುಟ್ಟಿದ ದಿನ, ತೀರಿಕೊಂಡ ದಿನ, ವಾಸದ ಊರು ಅಥವಾ ವಾರ್ಡ್, ಮರಣದ ಸ್ಥಳ, ನಮೂದಾದ ಕಾರಣ. ಜನನಗಳ ಸಂಖ್ಯೆಗೆ ಬೇರೆ ಅರ್ಜಿ. ಹೆಸರು ಬಿಡಿ ಅಂತ ನೀವೇ ಬರೆದರೆ ವೈಯಕ್ತಿಕ ಮಾಹಿತಿ ಅನ್ನುವ ನೆಪ ಅವರಿಗೆ ಸಿಗುವುದಿಲ್ಲ.

ವಾರ್ಡ್ ಮಟ್ಟದಲ್ಲಿ ಹಲವು ವರ್ಷ ಹೋಲಿಸುವುದಾದರೆ ಇನ್ನೊಂದು ಗೋಳು. ಬಿಬಿಎಂಪಿಯಲ್ಲಿ 198 ವಾರ್ಡ್ ಇದ್ದವು, ಮರುವಿಂಗಡಣೆಯಲ್ಲಿ 243 ಮಾಡಿದರು, ಆಮೇಲೆ 225 ಅಂದರು, 2025ರಲ್ಲಿ ಪಾಲಿಕೆಯೇ ಐದಾಯಿತು. ಒಂದೇ ಹೆಸರಿನ ವಾರ್ಡಿನ ಗಡಿ ಬದಲಾಗಿರುತ್ತದೆ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ ಹಿಡಿದು ಲೆಕ್ಕ ಹಾಕುವುದು ಇದ್ದುದರಲ್ಲಿ ವಾಸಿ.

ದಿನ ಎಣಿಸಿ, ಕಾರಣ ತಾನಾಗಿ ಕಾಣುತ್ತದೆ

ನನ್ನ ಮಟ್ಟಿಗೆ ಇದೇ ಇಡೀ ಕೆಲಸದ ಜೀವ. ಪಟ್ಟಿ ಸಿಕ್ಕಿದ ಮೇಲೆ ಎಕ್ಸೆಲ್‌ನಲ್ಲಿ ಒಂದು ಹೊಸ ಕಾಲಂ ಹಾಕಿ, ತೀರಿಕೊಂಡ ದಿನದಿಂದ ಹುಟ್ಟಿದ ದಿನ ಕಳೆಯಿರಿ. ನಾಲ್ಕು ಗುಂಪು ಮಾಡಿ: ಮೊದಲ 24 ಗಂಟೆ, ಮೊದಲ ವಾರದ ಉಳಿದ ದಿನಗಳು, ಎರಡನೇ ವಾರದಿಂದ 28 ದಿನದವರೆಗೆ, ಅಲ್ಲಿಂದ ವರ್ಷ ತುಂಬುವವರೆಗೆ. ಮರಣದ ಕಾರಣ ಅಂತ ಬರೆದಿರುವುದಕ್ಕಿಂತ ಈ ಕಾಲಂ ಜಾಸ್ತಿ ನಂಬಿಕಸ್ಥ. ಕಾರಣದ ಕಾಲಂನಲ್ಲಿ "ಹೃದಯ ಸ್ತಂಭನ" ಅಂತ ಬರೆದಿರುತ್ತಾರೆ. ಯಾರ ಹೃದಯ ತಾನೇ ಕೊನೆಗೆ ನಿಲ್ಲುವುದಿಲ್ಲ? ಎಚ್‌ಎಂಐಎಸ್‌ನಲ್ಲಿ ಮೊದಲ ನಾಲ್ಕು ವಾರದ ಸಾವಿಗೆ ನಂಜು, ಹುಟ್ಟುವಾಗಿನ ಉಸಿರುಗಟ್ಟುವಿಕೆ, "ಇತರೆ" ಅಂತ ಮೂರು ಮನೆ ಇವೆ. ತಿಂಗಳು ತುಂಬದೆ ಹುಟ್ಟಿದ ಮಗು ಸುಮ್ನೆ ಹೋಗಿ "ಇತರೆ"ಯಲ್ಲಿ ಕೂರುತ್ತದೆ.

ದೇಶದಲ್ಲಿ 2020ರಲ್ಲಿ ಸಾವಿರಕ್ಕೆ 28 ಶಿಶು ಸಾವು ಅಂದೆನಲ್ಲ, ಅದರಲ್ಲಿ 20 ಮೊದಲ 28 ದಿನದಲ್ಲೇ ಆದದ್ದು. 15 ಮೊದಲ ವಾರದಲ್ಲೇ. ಹಿಂದೆ ಹೀಗಿರಲಿಲ್ಲ. ವಾಂತಿ ಭೇದಿ, ದಡಾರ, ನ್ಯುಮೋನಿಯಾಗಳು ತಿಂಗಳುಗಟ್ಟಲೆ ಬೆಳೆದ ಮಕ್ಕಳನ್ನು ಒಯ್ಯುತ್ತಿದ್ದವು. ಲಸಿಕೆ, ಓಆರ್‌ಎಸ್, ನಲ್ಲಿ ನೀರು ಬಂದ ಮೇಲೆ ಅವು ಕಡಿಮೆಯಾದವು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯಾಗಿದೆ ಅಂತ 2015ರಲ್ಲಿ ಘೋಷಣೆಯೂ ಆಯಿತು. ಉಳಿದಿರುವುದು ಹೆರಿಗೆ ಕೋಣೆಯ ಆಸುಪಾಸಿನ ಸಾವುಗಳು. ಅವು ಬೇಗ ಇಳಿಯುವಂಥವಲ್ಲ.

ಮೊದಲ 24 ಗಂಟೆಯ ಸಾವು ಜಾಸ್ತಿ ಇದ್ದರೆ ಹೆರಿಗೆಯ ಕಡೆ ನೋಡಿ. ಮಗು ಹುಟ್ಟಿದ ತಕ್ಷಣ ಅಳಲಿಲ್ಲ ಅಂದರೆ ಮೊದಲ ಒಂದು ನಿಮಿಷದಲ್ಲಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯುವ ಕೈ ಅಲ್ಲಿ ಇತ್ತಾ? ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರ್ ಇಲ್ಲ ಅಂತ ಸಿಸೇರಿಯನ್‌ಗೆ ಬೇರೆ ಕಡೆ ಕಳಿಸಿದರಾ? ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ ಅಂತ ಐದನೇ ಸುತ್ತಿನ ಸಮೀಕ್ಷೆ ಹೇಳುತ್ತದೆ. ಆಸ್ಪತ್ರೆಗೆ ಬನ್ನಿ ಅನ್ನುವ ಪ್ರಚಾರದ ಕಾಲ ಮುಗಿಯಿತು. ಬಂದವರಿಗೆ ಅಲ್ಲಿ ಏನು ಸಿಕ್ಕಿತು ಅನ್ನುವುದೇ ಈಗಿನ ಪ್ರಶ್ನೆ. ಈ ಗುಂಪಿಗೆ ಸಾವಿನ ಗಂಟೆ, ವಾರದ ದಿನ ಸಿಕ್ಕರೆ ಅದನ್ನೂ ಬರೆದಿಡಿ. ಶನಿವಾರ ರಾತ್ರಿ, ಭಾನುವಾರ, ಹಬ್ಬದ ದಿನ ಅಂತ ಗುಂಪುಗಟ್ಟಿದರೆ ಡ್ಯೂಟಿ ಪಟ್ಟಿ ಕೇಳುವ ಸಮಯ ಬಂತು ಅಂತ ಅರ್ಥ.

ಎರಡನೇ ದಿನದಿಂದ ಏಳನೇ ದಿನದವರೆಗಿನ ಗುಂಪಿನಲ್ಲಿ ಹೆಚ್ಚಾಗಿ ಸಿಗುವವರು ತಿಂಗಳು ತುಂಬದವರು, ಎರಡೂವರೆ ಕೆಜಿಗಿಂತ ಕಡಿಮೆ ತೂಕದವರು. ಇಲ್ಲಿ ಎರಡು ವಿಷಯ ತಪ್ಪದೆ ಕೇಳಿ. ನೋವು ಬೇಗ ಶುರುವಾದಾಗ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟರಾ? ಅಗ್ಗದ ಔಷಧಿ ಅದು. 2014ರಿಂದ ಎಎನ್‌ಎಂಗಳೂ, ಅಂದರೆ ಕಿರಿಯ ಆರೋಗ್ಯ ಸಹಾಯಕಿಯರೂ ಕೊಡಬಹುದು. ಎರಡನೆಯದು, ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ ಇಟ್ಟರಾ? ಕಾಂಗರೂ ಆರೈಕೆ ಅನ್ನುತ್ತಾರಲ್ಲ, ಅದು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಬಂತು. ಮಗು ಸ್ಥಿರವಾಗಲಿ ಅಂತ ಕಾಯದೆ ಹುಟ್ಟಿದ ಕೂಡಲೇ ಶುರು ಮಾಡಿದರೆ ನವಜಾತ ಸಾವು ಕಾಲು ಭಾಗ ಕಡಿಮೆಯಾಗುತ್ತದೆ ಅಂತ ಅದರಲ್ಲಿ ಕಂಡಿತು. ಇದಕ್ಕೆ ಯಂತ್ರ ಬೇಡ. ಆದರೆ ಐಸಿಯು ಒಳಗೆ ತಾಯಿಗೆ ಒಂದು ಹಾಸಿಗೆ ಬೇಕು, ಅದನ್ನು ಕೊಡುವ ಕಡೆ ಕಡಿಮೆ.

ಎರಡನೇ ವಾರದಿಂದ 28 ದಿನದವರೆಗೆ ನಂಜು ಮುಖ್ಯ. ಕೆಲವು ಆಸ್ಪತ್ರೆಯ ಒಳಗೇ ಅಂಟಿದ್ದು, ಕೆಲವು ಮನೆಯಲ್ಲಿ. ಬಾಣಂತನದ ಪದ್ಧತಿಗಳು ಇಲ್ಲಿ ಬರುತ್ತವೆ. ಹುಟ್ಟಿದ ದಿನವೇ ಸ್ನಾನ, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಜೇನುತುಪ್ಪ, ಬಜೆ ತೇದು ನೆಕ್ಕಿಸುವುದು, ಬಾಗಿಲು ಹಾಕಿ ಸಾಂಬ್ರಾಣಿ ಹೊಗೆ. ಎಂಟಡಿ ಕೋಣೆಯ ವಠಾರದಲ್ಲಿ ಆ ಹೊಗೆ ಎಲ್ಲಿಗೆ ಹೋಗಬೇಕು ಹೇಳಿ. ಅಜ್ಜಿಯರನ್ನು ಬೈದರೆ ಪ್ರಯೋಜನ ಇಲ್ಲ, ಎಷ್ಟೋ ಮನೆಯಲ್ಲಿ ಮಗು ಉಳಿದಿರುವುದೇ ಅವರಿಂದ. ಈ ವಯಸ್ಸಿನ ಸಾವು ಜಾಸ್ತಿ ಇರುವ ಕಡೆ ಆಶಾ ಭೇಟಿಯ ದಾಖಲೆ ನೋಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28, 42ನೇ ದಿನ ಮನೆಗೆ ಹೋಗಿ ನೋಡಬೇಕು ಅಂತ ಕ್ರಮ ಇದೆ. ಬಾಣಂತಿ ತವರಿನಲ್ಲಿ ಇದ್ದರೆ ಇಲ್ಲಿನ ಆಶಾ ಅಲ್ಲಿಗೆ ಹೋಗುವುದಿಲ್ಲ, ಅಲ್ಲಿನವರ ಪಟ್ಟಿಯಲ್ಲಿ ಇವರ ಹೆಸರೇ ಇರುವುದಿಲ್ಲ. ಬಾಡಿಗೆ ಮನೆ ಬದಲಿಸಿದರೂ ಅದೇ ಕಥೆ.

28 ದಿನ ದಾಟಿದ ಮೇಲಿನ ಸಾವು ಒಂದು ಬಡಾವಣೆಯಲ್ಲಿ ಜಾಸ್ತಿ ಕಂಡರೆ ಆಸ್ಪತ್ರೆ ಬಿಟ್ಟು ಬೀದಿಗೆ ಬನ್ನಿ. ನೀರು, ಚರಂಡಿ, ಲಸಿಕೆ, ಪೌಡರ್ ಹಾಲಿನ ಬಾಟಲಿ, ಒಲೆ ಹೊಗೆ. ಕೆಲಸಕ್ಕೆ ಬೇಗ ವಾಪಸ್ ಹೋಗಬೇಕಾದ ತಾಯಿ, ಎದೆಹಾಲು ಬಿಡಿಸಿದ ಮಗು. ಹುಟ್ಟಿನಿಂದ ಬಂದ ಹೃದಯದ ತೊಂದರೆಗಳೂ ಈ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ಕಡೆ ಇರುವುದರಿಂದ ಹುಟ್ಟು ದೋಷದ ಪ್ರಶ್ನೆಯನ್ನು ಬಿಡುವ ಹಾಗಿಲ್ಲ.

ಸಣ್ಣ ಅಂಕಿಯ ಮೋಸ

ಮೇಲಿನ 8 ಸಾವಿನ ವಾರ್ಡಿಗೆ ವಾಪಸ್ ಬರೋಣ. ಮುಂದಿನ ವರ್ಷ 12 ಆಯಿತು. "ಶೇ. 50 ಏರಿಕೆ" ಅಂತ ತಲೆಬರಹ ಬರೆಯಬಹುದು, ಬರೆಯಬೇಡಿ. ಒಂದು ಒರಟು ಲೆಕ್ಕ ಇಟ್ಟುಕೊಳ್ಳಿ: ಸಾವಿನ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ, ಅಷ್ಟು ಆಚೀಚೆ ಬರಿ ಆಕಸ್ಮಿಕದಿಂದಲೇ ಆಗಬಹುದು. 8ಕ್ಕೆ ಅದು 6ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಏನೂ ಬದಲಾಗದೆಯೂ ಒಂದು ವರ್ಷ 3, ಇನ್ನೊಂದು ವರ್ಷ 13 ಬರಬಹುದು. ಹಾಗಾಗಿ ವಾರ್ಡಿಗೆ ಮೂರು ವರ್ಷ ಕೂಡಿಸಿ, ಇಲ್ಲವೇ ಪಕ್ಕಪಕ್ಕದ ನಾಲ್ಕೈದು ಆರೋಗ್ಯ ಕೇಂದ್ರಗಳನ್ನು ಸೇರಿಸಿ. ಇಡೀ ನಗರಕ್ಕಾದರೆ ವರ್ಷ ವರ್ಷ ನೋಡಬಹುದು. ಅಲ್ಲೂ ನೋಂದಣಿ ಸುಧಾರಿಸಿದ ವರ್ಷ ಸಾವು "ಏರಿದಂತೆ" ಕಾಣುತ್ತದೆ, ನೆನಪಿರಲಿ.

ಮನೆಗೆ ಹೋಗುವುದಾದರೆ

ಅಂಕಿಯಲ್ಲಿ ಸಿಗದ್ದು ಮನೆಯಲ್ಲಿ ಸಿಗುತ್ತದೆ. ಆದರೆ ಒಬ್ಬರೇ ಹೋಗಬೇಡಿ, ಪರಿಚಯದ ಆಶಾ ಅಥವಾ ಎಎನ್‌ಎಂ ಜೊತೆ ಹೋಗಿ, ಸೂತಕದ ದಿನಗಳು ಮುಗಿಯಲಿ. ಮೊದಲು ಒಪ್ಪಿಗೆ ಕೇಳಿ. ಬೇಡ ಅಂದರೆ ಕೈಮುಗಿದು ಬನ್ನಿ. "ಯಾಕಮ್ಮಾ ತಡ ಮಾಡಿದ್ರಿ" ಅನ್ನುವ ಪ್ರಶ್ನೆ ಬಾಯಿಂದ ಬರಲೇಬಾರದು. "ಮಗು ಹಾಲು ಬಿಟ್ಟಿದ್ದು ಯಾವಾಗ ಗೊತ್ತಾಯ್ತು, ಆಮೇಲೆ ಏನಾಯ್ತು ಹೇಳಿ" ಅಂತ ಶುರು ಮಾಡಿ, ಅವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿ ಕೇಳಿ ನೋಡಿ. ಹುಟ್ಟಿದ ತೂಕ, ಎಷ್ಟು ವಾರಕ್ಕೆ ಹೆರಿಗೆ, ಎಷ್ಟು ಸಲ ತಪಾಸಣೆ, ಎಲ್ಲಿಂದ ಎಲ್ಲಿಗೆ ಕಳಿಸಿದರು, ಎಲ್ಲ ಆ ಎರಡು ಕಾಗದದಲ್ಲಿ ಇರುತ್ತದೆ.

ಬರೆದುಕೊಂಡದ್ದನ್ನು ಮೂರು ತಡಗಳಾಗಿ ಬಿಡಿಸಿ. ಅಪಾಯ ಗುರುತಿಸಿ ಹೊರಡಲು ಆದ ತಡ, ತಲುಪಲು ಆದ ತಡ, ತಲುಪಿದ ಮೇಲೆ ಚಿಕಿತ್ಸೆ ಶುರುವಾಗಲು ಆದ ತಡ. ಹಳ್ಳಿಯಲ್ಲಿ ಎರಡನೆಯದು ದೊಡ್ಡದು ಅಂತ ಎಲ್ಲರಿಗೂ ಗೊತ್ತು. ನಗರದಲ್ಲಿ ಮೂರನೆಯದನ್ನು ಹುಡುಕಿ. ಒಂದು ಕಡೆ ವೆಂಟಿಲೇಟರ್ ಇಲ್ಲ, ಇನ್ನೊಂದು ಕಡೆ ಬೆಡ್ ಇಲ್ಲ, ಮತ್ತೊಂದು ಕಡೆ ಮುಂಗಡ ಕಟ್ಟಿ ಅಂದರು, ಹೀಗೆ ಆಟೋದಲ್ಲಿ ಊರು ಸುತ್ತಿದ ಗಂಟೆಗಳು ಯಾವ ಫಾರಂನಲ್ಲೂ ಇರುವುದಿಲ್ಲ. ಆಸ್ಪತ್ರೆಗಳ ಹೆಸರು ಮತ್ತು ಸಮಯವನ್ನು ಒಂದು ಸಾಲಿನಲ್ಲಿ ಬಾಣದ ಗುರುತು ಹಾಕಿ ಬರೆಯಿರಿ. ಹತ್ತಾರು ಮನೆಯ ಇಂಥ ಸಾಲುಗಳನ್ನು ಒಂದರ ಕೆಳಗೆ ಒಂದು ಇಟ್ಟರೆ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ.

ಹೋದ ಮನೆಯಲ್ಲೋ ಪಕ್ಕದಲ್ಲೋ ಬೇರೆ ಕೂಸು ಇದ್ದರೆ ಒಂದು ಮಾತು ಹೇಳಿ ಬನ್ನಿ: ಎಳೆಗೂಸು ಹಾಲು ಬಿಟ್ಟರೆ, ನಿಮಿಷಕ್ಕೆ 60 ಸಲಕ್ಕಿಂತ ಜಾಸ್ತಿ ಉಸಿರಾಡಿದರೆ, ಪಕ್ಕೆ ಸೆಳೆದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಅಂತ ಕಾಯಬಾರದು. 2011ರಲ್ಲಿ ಶುರುವಾಗಿ ಆಮೇಲೆ ವಿಸ್ತರಣೆಯಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗಿನ ಕಾಯಿಲೆ ಮಗುವಿಗೆ ಚಿಕಿತ್ಸೆ, ಔಷಧಿ, ವಾಹನ ಎಲ್ಲ ಉಚಿತ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕೊನೆಗೆ ಯಾರಿಗೆ ಕೊಡಬೇಕು

ಎರಡು ಪುಟ ಸಾಕು. ಮೊದಲ ಪುಟದಲ್ಲಿ ವಾಸದ ಊರಿನ ಪ್ರಕಾರ ತೆಗೆದ ಪ್ರಮಾಣ, ನಾಲ್ಕು ವಯಸ್ಸಿನ ಗುಂಪು, ಅಂಕಿ ಎಲ್ಲಿಂದ ಬಂತು. ಎರಡನೇ ಪುಟದಲ್ಲಿ ಬಾಣದ ಸಾಲುಗಳು, ಹೆಸರಿಲ್ಲದೆ. ಬೀದಿ ಹೆಸರೂ ಬೇಡ, ಸಣ್ಣ ಬಡಾವಣೆಯಲ್ಲಿ ಯಾರ ಮನೆ ಅಂತ ಜನಕ್ಕೆ ತಕ್ಷಣ ಗೊತ್ತಾಗಿಬಿಡುತ್ತದೆ. ಒಂದು ಪ್ರತಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಒಂದು ಪಾಲಿಕೆಯ ಆರೋಗ್ಯಾಧಿಕಾರಿಗೆ, ಒಂದು ಜಿಲ್ಲಾ ಆರ್‌ಸಿಎಚ್ (ತಾಯಿ ಮಕ್ಕಳ ಆರೋಗ್ಯ) ಅಧಿಕಾರಿಗೆ. ಮಕ್ಕಳ ಸಾವಿನ ಪರಿಶೀಲನೆ ಅಂತ 2014ರ ಕೇಂದ್ರದ ಮಾರ್ಗಸೂಚಿ ಇದೆ, ಪ್ರತಿ ಸಾವನ್ನೂ ವಿಚಾರಿಸಿ ಕಾರಣ ದಾಖಲಿಸಬೇಕು. ನಿಮ್ಮ ಪಟ್ಟಿಯಲ್ಲಿ ಎಷ್ಟು ಸಾವುಗಳಿಗೆ ಆ ಪರಿಶೀಲನೆ ನಡೆದಿದೆ, ಕೊನೆಯ ಸಭೆ ಯಾವ ತಾರೀಕು ಅಂತ ಪತ್ರದ ಕೊನೆಯಲ್ಲಿ ಲಿಖಿತವಾಗಿ ಕೇಳಿ. ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.